ಹಳೆಯ ಪಟ್ಟೆ ಸೀರೆಗೆ ಜಿಪ್ ಕವರೋ, ಕೋರಾ ಬಟ್ಟೆಯೋ?

ಮೊದಲೇ ಹೇಳಿಬಿಡುತ್ತೇನೆ: ಡಜನ್ ಲೆಕ್ಕದಲ್ಲಿ ಕೊಂಡ ಪಾರದರ್ಶಕ ಜಿಪ್ ಕವರುಗಳು ದುಡ್ಡು ದಂಡ. ಹಳೆಯ ಪಟ್ಟೆ ಸೀರೆಯನ್ನು, ಅಂದರೆ ರೇಷ್ಮೆ ಸೀರೆಯನ್ನು, ಗಂಜಿ ತೆಗೆದ ಕೋರಾ ಬಟ್ಟೆ (ಬಿಳುಪು ಮಾಡದ ಹತ್ತಿ ಬಟ್ಟೆ) ಕಾಯುವಷ್ಟು ಚೆನ್ನಾಗಿ ಬೇರೆ ಯಾವುದೂ ಕಾಯುವುದಿಲ್ಲ. ಇದು ಬಳ್ಳಾರಿಯ ಒಣ ಹವೆಗೆ ಹೇಳುವ ಮಾತಲ್ಲ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡದ, ಕೆಂಪುಕಲ್ಲಿನ ಗೋಡೆ ನೀರು ಕುಡಿದು ತಣ್ಣಗಾಗುವ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಉಪ್ಪಿನ ಭರಣಿಯೂ ಒಸರುವ ಕಾಸರಗೋಡು ಕಡೆಯ ಕುಂಬಳೆ, ಮಂಜೇಶ್ವರ, ಬದಿಯಡ್ಕದ ಮನೆಗಳಿಗೆ ಹೇಳುವ ಮಾತು. ಎರಡು ಮಳೆಗಾಲ ಒಂದೇ ಕೋಣೆಯಲ್ಲಿ ನಾಲ್ಕು ಬಗೆಯಲ್ಲಿ ಇಟ್ಟು ನೋಡಿದ್ದು: ಜಿಪ್ ಕವರ್, ನುಸಿಗುಳಿಗೆ ಹಾಕಿದ ತಗಡಿನ ಪೆಟ್ಟಿಗೆ, ನಾನ್-ವೋವನ್ ಚೀಲ, ಕೋರಾ ಬಟ್ಟೆ.

ಸೀರೆ ಎಂದರೆ ಇಲ್ಲಿ ಅಸಲಿ ಜರಿಯ ಧಾರೆ ಸೀರೆಗಳು. ಆ ಕಾಲದ ಜರಿಯಲ್ಲಿ ರೇಷ್ಮೆ ಎಳೆಯ ಸುತ್ತ ಬೆಳ್ಳಿಯ ಚಪ್ಪಟೆ ತಂತಿ, ಅದರ ಮೇಲೆ ಚಿನ್ನದ ತೆಳು ಲೇಪ. ಲೇಪ ಸವೆದ ಕಡೆ ಬೆಳ್ಳಿ ಗಾಳಿಗೆ ತೆರೆದುಕೊಳ್ಳುತ್ತದೆ. ಗಂಧಕದ ಅಂಶ ತಾಗಿದರೆ ಕಪ್ಪಾಗುತ್ತದೆ. ತೇವ ಇದ್ದರೆ ಇನ್ನೂ ಬೇಗ ಕಪ್ಪಾಗುತ್ತದೆ. ಕಪ್ಪಾದ ಜರಿಯನ್ನು ಹುಣಸೆಹುಳಿಯಿಂದಲೋ ಬೆಳ್ಳಿ ಪಾಲಿಶ್‌ನಿಂದಲೋ ತಿಕ್ಕಿದರೆ ಉಳಿದ ಚಿನ್ನವೂ ಹೋಗುತ್ತದೆ. ಹಾಗಾಗಿ ಜರಿ ಕಪ್ಪಾಗದಂತೆ ನೋಡಿಕೊಳ್ಳುವುದೊಂದೇ ದಾರಿ.

ಇನ್ನು ಜಿಪ್ ಕವರಿನ ತಕರಾರು. ಮೇಲ್ನೋಟಕ್ಕೆ ಇದು ಚೆನ್ನಾಗಿಯೇ ಕಾಣುತ್ತದೆ. ಧೂಳಿಲ್ಲ, ಜಿರಳೆ ಹೋಗುವುದಿಲ್ಲ, ಯಾವ ಸೀರೆ ಎಲ್ಲಿದೆ ಎಂದು ಕಪಾಟು ತೆರೆದ ಕೂಡಲೇ ಗೊತ್ತಾಗುತ್ತದೆ. ಜುಲೈ ಕೊನೆಗೆ ತೆಗೆದು ನೋಡಿದರೆ ಕವರಿನ ಒಳಮೈಯಲ್ಲಿ ಮಂಜು ಕಟ್ಟಿದ ಹಾಗೆ ಸಣ್ಣ ಹನಿ, ಸೀರೆಯ ಹೊರಮಡಿಕೆಯಲ್ಲಿ ಅಂಗೈ ಅಗಲದ ಬೂದು ಬೂಷ್ಟು, ಮೂಗಿಗೆ ಮುಗ್ಗಲು ವಾಸನೆ. ವಿಚಿತ್ರವೆಂದರೆ ಬೂಷ್ಟು ಸೀರೆಯ ಎಲ್ಲ ಕಡೆಯಲ್ಲೂ ಇರುವುದಿಲ್ಲ. ಕಪಾಟಿನ ಹಿಂಬದಿಯ ತಗಡಿಗೆ ತಾಗಿದ ಮಗ್ಗುಲಲ್ಲಿ ಮಾತ್ರ.

ಹಾಗೆ ಆಗುವುದೇಕೆಂದು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಕವರಿನ ಒಳಗಿನ ಗಾಳಿಯಲ್ಲಿರುವ ನೀರು ಲೆಕ್ಕಕ್ಕೆ ಬರುವಂಥದ್ದಲ್ಲ. ಐದು ಲೀಟರ್ ಗಾಳಿಯಲ್ಲಿ ಅರ್ಧ ಗ್ರಾಮಿಗಿಂತಲೂ ಎಷ್ಟೋ ಕಡಿಮೆ. ನೀರು ಹೊತ್ತಿರುವುದು ಸೀರೆಯೇ. ಗಾಳಿಯ ತೇವ ಶೇ. 65 ಇದ್ದಾಗ ರೇಷ್ಮೆ ತನ್ನ ಒಣ ತೂಕದ ಸುಮಾರು ಶೇ. 11ರಷ್ಟು ನೀರನ್ನು ಎಳೆಗಳಲ್ಲಿ ಹಿಡಿದುಕೊಂಡಿರುತ್ತದೆ. 700 ಗ್ರಾಂ ಸೀರೆಯಲ್ಲಿ 70 ಗ್ರಾಂ ನೀರು, ಅಂದರೆ ಸಣ್ಣ ಲೋಟದಲ್ಲಿ ಅರ್ಧ. ಮಳೆಗಾಲದ ಗಾಳಿಗೆ ಅದು ಇನ್ನೂ ಹೆಚ್ಚುತ್ತದೆ. ಮುಟ್ಟಿದರೆ ಒದ್ದೆ ಅನ್ನಿಸುವುದೇ ಇಲ್ಲ. ಮದುವೆಯಿಂದ ಬಂದು ಸಂಜೆ ಮಡಚಿ ಕವರಿಗೆ ಹಾಕಿ ಜಿಪ್ ಎಳೆದರೆ ಆ ನೀರನ್ನೂ ಒಳಗೆ ಹಾಕಿ ಮುಚ್ಚಿದ ಹಾಗೆ. 30 ಡಿಗ್ರಿ ಸೆಕೆಯಲ್ಲಿ ತೇವ ಶೇ. 85 ಇದ್ದರೆ, 27 ಡಿಗ್ರಿಗೆ ತಣಿದ ಯಾವ ಮೈಯ ಮೇಲಾದರೂ ಹನಿ ಕೂರುತ್ತದೆ. ರಾತ್ರಿ ಸುರಿದ ಮಳೆಗೆ ಹೊರಗೋಡೆ ತಣಿಯುತ್ತದೆ, ಅದಕ್ಕೆ ಒರಗಿದ ತಗಡು ತಣಿಯುತ್ತದೆ, ತಗಡಿಗೆ ತಾಗಿದ ಪ್ಲಾಸ್ಟಿಕ್ ತಣಿಯುತ್ತದೆ. ಸೀರೆ ಬಿಟ್ಟ ತೇವ ಅಲ್ಲೇ ಹನಿಯಾಗಿ, ಮರಳಿ ಅದೇ ಮಡಿಕೆಗೆ ಇಳಿಯುತ್ತದೆ. ಬೂಷ್ಟಿಗೆ ಶೇ. 70ರ ಆಸುಪಾಸಿನ ತೇವ ಸಾಕು, ಇಲ್ಲಿ ಹನಿಯೇ ಸಿಕ್ಕಿತು.

ಜಿಪ್ ಇದೆಯಲ್ಲ, ಹೊರಗಿನ ತೇವವಾದರೂ ಒಳಗೆ ಬಾರದು ಎಂದರೆ ಅದೂ ಇಲ್ಲ. ಜಿಪ್ಪಿನ ಹಲ್ಲುಗಳ ಸಂದಿನಲ್ಲಿ ತೇವ ನಿಧಾನಕ್ಕೆ ಒಳ ಸೇರುತ್ತಲೇ ಇರುತ್ತದೆ, ಆದರೆ ಬಿಸಿಲು ಬಿದ್ದ ದಿನ ಅಷ್ಟೇ ಬೇಗ ಹೊರಹೋಗಲು ದಾರಿಯಿಲ್ಲ. ಕವರಿನ ಜೊತೆ ಕೊಡುವ 2 ಗ್ರಾಂ ಸಿಲಿಕಾ ಜೆಲ್ ಪೊಟ್ಟಣ ಇದಕ್ಕೆ ಏನೂ ಅಲ್ಲ. ಒಳ್ಳೆಯ ಜೆಲ್ ಕೂಡ ತನ್ನ ತೂಕದ ಮೂರನೇ ಒಂದರಷ್ಟು ನೀರು ಹೀರಿದರೆ ಹೆಚ್ಚು. ಮಳೆಗಾಲದ ಒಂದು ಸೀರೆಯನ್ನು ಬೂಷ್ಟು ಹಿಡಿಯದ ಮಟ್ಟಕ್ಕೆ ಒಣಗಿಸಲು 30 ಗ್ರಾಂ ನೀರಾದರೂ ತೆಗೆಯಬೇಕು, ಅದಕ್ಕೆ 100 ಗ್ರಾಂ ಜೆಲ್ ಬೇಕು. ಸಣ್ಣ ಪೊಟ್ಟಣ ಐವತ್ತು ಹಾಕಬೇಕಾಯಿತು!

ಇನ್ನೊಂದು ತೊಂದರೆ, ಈ ಕವರುಗಳಲ್ಲಿ ಬಹಳಷ್ಟು ಪಿವಿಸಿ. ಹೊಸದರಲ್ಲಿ ಬರುವ ಆ ಘಾಟು ವಾಸನೆಯೇ ಗುರುತು. ಅದನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ವಸ್ತು ವರ್ಷ ಕಳೆದಂತೆ ಮೇಲೆ ಒಸರಿ ಅಂಟುತ್ತದೆ, ಹಳತಾದ ಪಿವಿಸಿ ಆಮ್ಲದ ಹಬೆಯನ್ನೂ ಬಿಡುತ್ತದೆ. ಬೆಳ್ಳಿಯ ಜರಿಗೆ ಎರಡೂ ಒಳ್ಳೆಯದಲ್ಲ.

ನುಸಿಗುಳಿಗೆಯ ಪೆಟ್ಟಿಗೆ ನಮ್ಮ ಹಿರಿಯರ ಪದ್ಧತಿ. ಕೆಲಸ ಮಾಡುವುದಿಲ್ಲ ಎನ್ನಲಾರೆ. ಮುಚ್ಚಳ ಬಿಗಿಯಾಗಿದ್ದರೆ ನ್ಯಾಫ್ತಲೀನ್ ಹಬೆ ತುಂಬಿ ನುಸಿಯ ಮರಿ ಸಾಯುತ್ತದೆ. ಆದರೆ ನುಸಿಗುಳಿಗೆಗೆ ಬೂಷ್ಟಿನ ಮೇಲೆ ಹಿಡಿತವಿಲ್ಲ, ಮತ್ತು ಕಪಾಟಿನಲ್ಲಿ ಅಲ್ಲೊಂದು ಇಲ್ಲೊಂದು ಉರುಳಿಸಿಟ್ಟರೆ ವಾಸನೆಯ ಹೊರತು ಏನೂ ಸಿಗುವುದಿಲ್ಲ. ದೊಡ್ಡ ಅಪಾಯ ಬೇರೆ ಇದೆ. ಒಳ್ಳೆಯ ವಾಸನೆಗೆಂದು ಅದೇ ಪೆಟ್ಟಿಗೆಗೆ ನಾಲ್ಕು ಬಿಲ್ಲೆ ಕರ್ಪೂರವನ್ನೂ ಹಾಕುವವರಿದ್ದಾರೆ. ನ್ಯಾಫ್ತಲೀನ್ 80 ಡಿಗ್ರಿಗೆ ಕರಗುವ ವಸ್ತು, ಕರ್ಪೂರ 175ರ ಮೇಲೆ. ಎರಡೂ ಒಂದಕ್ಕೊಂದು ತಾಗಿದರೆ ಮಿಶ್ರಣ 32 ಡಿಗ್ರಿಗೇ ನೀರಾಗುತ್ತದೆ. ಏಪ್ರಿಲ್‌ನಲ್ಲಿ ಹಂಚಿನ ಮನೆಯ ಅಟ್ಟದಲ್ಲಿ ಅಷ್ಟು ಸೆಕೆ ದಿನವೂ ಇರುತ್ತದೆ. ಪೆಟ್ಟಿಗೆ ತೆರೆದಾಗ ಗುಳಿಗೆ ಇಲ್ಲ, ಕರ್ಪೂರ ಇಲ್ಲ, ಸೆರಗಿನ ಮೇಲೆ ಎಂಟಾಣೆ ಅಗಲದ ಎಣ್ಣೆಕಲೆ. ಎಣ್ಣೆ ಎಲ್ಲಿಂದ ಬಂತೆಂದು ಯಾರಿಗೂ ಹೊಳೆಯುವುದಿಲ್ಲ. ಹಾಕಲೇಬೇಕಿದ್ದರೆ ಎರಡರಲ್ಲಿ ಒಂದನ್ನು ಮಾತ್ರ ಹಾಕಿ, ಅದೂ ಬಟ್ಟೆಯ ಸಣ್ಣ ಗಂಟು ಕಟ್ಟಿ ಎಲ್ಲಕ್ಕಿಂತ ಮೇಲೆ, ಏಕೆಂದರೆ ಹಬೆ ಗಾಳಿಗಿಂತ ಭಾರ, ಕೆಳಗಿಳಿಯುತ್ತದೆ. ಹಸುಗೂಸು ಇರುವ ಮನೆಯಲ್ಲಿ ಬೇಡವೇ ಬೇಡ. ಜಿ6ಪಿಡಿ ಎಂಬ ಕಿಣ್ವದ ಹುಟ್ಟುಕೊರತೆ ಇರುವ ಮಗುವಿಗೆ ನ್ಯಾಫ್ತಲೀನ್ ಹಬೆಯಿಂದ ರಕ್ತಕಣ ಒಡೆದು ಕಾಮಾಲೆ ಬರಬಹುದು.

ಬಜೆ, ಲಾವಂಚ, ನೆಕ್ಕಿ (ಲಕ್ಕಿ) ಸೊಪ್ಪು, ಲವಂಗ: ವಾಸನೆಗೆ ಸೊಗಸು, ಹುಳವನ್ನು ಸ್ವಲ್ಪ ದೂರ ಇಡಬಹುದು, ಒಳಗಿರುವ ಹುಳವನ್ನು ಕೊಲ್ಲಲು ನಂಬಬೇಡಿ. ಎಲೆ ಪೂರ್ತಿ ಒಣಗಿರಬೇಕು, ಲವಂಗ ರೇಷ್ಮೆಗೆ ನೇರ ತಾಗಬಾರದು.

ನಾನ್-ವೋವನ್ ಚೀಲಕ್ಕೆ ಗಾಳಿಯಾಡುತ್ತದೆ, ಅಗ್ಗ, ಬೂಷ್ಟು ಬರಲಿಲ್ಲ. ಆದರೆ ಅದೂ ಪ್ಲಾಸ್ಟಿಕ್ಕೇ. ನಾಲ್ಕೈದು ವರ್ಷಕ್ಕೆ ಹೊಟ್ಟಿನ ಹಾಗೆ ಉದುರಿ ಜರಿಯ ಸಂದಿನಲ್ಲಿ ಕೂತರೆ ತೆಗೆಯುವುದು ಕಷ್ಟ. ದಿನಬಳಕೆಯ ಸೀರೆಗೆ ಅಡ್ಡಿಯಿಲ್ಲ.

ಕೋರಾ ಬಟ್ಟೆ ಗೆದ್ದದ್ದು ಒಂದು ಸರಳ ಕಾರಣಕ್ಕೆ. ಹತ್ತಿಯೂ ತೇವ ಹೀರುತ್ತದೆ, ಬಿಡುತ್ತದೆ. ರಾತ್ರಿ ತಣಿದಾಗ ಸೀರೆ ಬಿಟ್ಟ ತೇವವನ್ನು ಅದು ಹನಿಯಾಗಲು ಬಿಡದೆ ತಾನೇ ಹಿಡಿದುಕೊಳ್ಳುತ್ತದೆ, ಹಗಲು ಗಾಳಿಗೆ ಬಿಡುತ್ತದೆ. ಎರಡೂ ಮಳೆಗಾಲ ಇದರಲ್ಲಿದ್ದ ಸೀರೆಗಳಲ್ಲಿ ಬೂಷ್ಟು ಇಲ್ಲ, ಜರಿಯ ಬಣ್ಣ ಇಟ್ಟ ಹಾಗೇ ಇತ್ತು.

ಆದರೆ ಅಂಗಡಿಯಿಂದ ತಂದ ಕೋರಾವನ್ನು ಹಾಗೆಯೇ ಸುತ್ತಬೇಡಿ. ಮಗ್ಗಕ್ಕೆ ಹಾಕುವಾಗ ಹಾಸು ನೂಲಿಗೆ ಕುಡಿಸಿದ ಗಂಜಿ ಅದರಲ್ಲಿ ತುಂಬಿರುತ್ತದೆ, ಬೆಳ್ಳಿಹುಳಕ್ಕೆ ಅದು ಹಬ್ಬದೂಟ. ಗಂಜಿ ತಿನ್ನಲು ಬಂದ ಹುಳ ರೇಷ್ಮೆಯನ್ನೂ ಕೆರೆಯುತ್ತದೆ. ಹೀಗೆ ಮಾಡಿ: ಒಂದು ಸೀರೆಗೆ ಒಂದೂಕಾಲು ಮೀಟರ್ ಬಟ್ಟೆ ಕತ್ತರಿಸಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ ಆ ನೀರು ಚೆಲ್ಲಿ. ನಾಲ್ಕು ಲೀಟರ್ ನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ಕುದಿಸಿ. ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಬರಿ ನೀರಿನಲ್ಲಿ ನಾಲ್ಕು ಸಲ ಜಾಲಿಸಿ. ನೀಲಿ ಬೇಡ, ಬ್ಲೀಚ್ ಬೇಡ, ಕಂಫರ್ಟ್‌ನಂಥ ಮೆದುಕಾರಕ ಬೇಡ. ಸುಡು ಬಿಸಿಲಿನಲ್ಲಿ ಒಣಗಿಸಿ. ನಂತರ ಒಂದು ಮೂಲೆಯಿಂದ ಉಗುರಿನಷ್ಟು ತುಂಡು ಕತ್ತರಿಸಿ, ಒಂದು ಚಮಚ ನೀರಿಗೆ ನಾಲ್ಕು ಹನಿ ಬೆಟಾಡಿನ್ (ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣ) ಬೆರೆಸಿ ಅದರ ಮೇಲೆ ಬಿಡಿ. ಕಂದು ಬಣ್ಣವೇ ಉಳಿದರೆ ಗಂಜಿ ಹೋಗಿದೆ. ಕಪ್ಪು-ನೀಲಿಗೆ ತಿರುಗಿದರೆ ಇನ್ನೊಮ್ಮೆ ಕುದಿಸಬೇಕು. ಮೊದಲ ಕುದಿತಕ್ಕೆ ಪೂರ್ತಿ ಹೋಗುವುದು ಅಪರೂಪ. ಈ ಪರೀಕ್ಷೆಯನ್ನು ಸೀರೆಯ ಮೇಲೆ ಮಾಡಲೇಬೇಡಿ.

ಇಷ್ಟೆಲ್ಲ ಯಾರು ಮಾಡುತ್ತಾರೆ ಎನ್ನುವವರಿಗೆ ಹಳೆಯ ಬಿಳಿ ಪಂಚೆ ಉಂಟು. ನೂರು ಸಲ ಒಗೆದದ್ದರಲ್ಲಿ ಗಂಜಿ ಎಲ್ಲಿರುತ್ತದೆ? ಬಣ್ಣದ ಅಂಚನ್ನು ಕತ್ತರಿಸಿ ತೆಗೆಯಿರಿ, ತೇವಕ್ಕೆ ಬಣ್ಣ ಬಿಟ್ಟೀತು. ಹೊಸ ಕೋರಾಕ್ಕಿಂತ ಮೆತ್ತಗೆ, ಖರ್ಚೂ ಇಲ್ಲ.

ಸುತ್ತುವ ಮೊದಲು ಸೀರೆಯನ್ನು ಫ್ಯಾನಿನ ಕೆಳಗೆ, ನೆರಳಿನಲ್ಲಿ, ನಾಲ್ಕು ಗಂಟೆ ಹರವಿ. ಬಿಸಿಲು ರೇಷ್ಮೆಯನ್ನು ಹಳದಿಗಟ್ಟಿಸಿ ಕುಂದಿಸುತ್ತದೆ. ಜರಿ ಒಳಗೆ ಬರುವ ಹಾಗೆ ಮಡಚಿ, ಪ್ರತಿ ಮಡಿಕೆಯ ಸಂದಿನಲ್ಲಿ ಬೆರಳು ಗಾತ್ರಕ್ಕೆ ಸುರುಳಿ ಸುತ್ತಿದ ಅದೇ ಕೋರಾ ಇಡಿ. ಹಳೆಯ ಸೀರೆ ಸೀಳುವುದು ಹುಳದಿಂದಲ್ಲ, ಹೆಚ್ಚಾಗಿ ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಮಡಚಿಟ್ಟದ್ದರಿಂದ. ಈ ಸಲ ನಾಲ್ಕು ಮಡಿಕೆ ಹಾಕಿದರೆ ಮುಂದಿನ ಸಲ ಮೂರು, ಆಗ ಗೆರೆ ತಾನೇ ಜಾಗ ಬದಲಿಸುತ್ತದೆ. ಗಂಟು ಕಟ್ಟಲು ಹತ್ತಿಯ ಪಟ್ಟಿ. ರಬ್ಬರ್ ಬ್ಯಾಂಡ್ ಬೇಡ, ಅದರಲ್ಲಿ ಗಂಧಕ ಇದೆ, ತಾಗಿದಲ್ಲೆಲ್ಲ ಜರಿ ಕಪ್ಪು. ಪೇಪರು ಹಾಸುವುದೂ ಬೇಡ. ಒಂದರ ಮೇಲೊಂದು ನಾಲ್ಕಕ್ಕಿಂತ ಹೆಚ್ಚು ಪೇರಿಸಬೇಡಿ, ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆದಿಡಿ.

ಕೋರಾದ ಕೊರತೆ ಎರಡು. ಒಳಗಿನದು ಕಾಣದು, ಹಾಗಾಗಿ ದಪ್ಪ ಕಾಗದದ ಚೀಟಿಯಲ್ಲಿ ಬರೆದು ದಾರದಿಂದ ಕಟ್ಟಬೇಕು. ಎರಡನೆಯದು ನುಸಿ. ಗಟ್ಟಿ ಮನಸ್ಸು ಮಾಡಿದ ನುಸಿ ಮಡಿಕೆಯ ಸಂದಿನಲ್ಲಿ ನುಗ್ಗುತ್ತದೆ, ಅದರಲ್ಲೂ ಬೆವರು, ಪಾಯಸದ ಹನಿ ಬಿದ್ದ ಸೀರೆಗೆ. ಕೊಳೆ ಇರುವುದನ್ನು ಎತ್ತಿಡಲೇಬಾರದು. ಮರಳಿನಂಥ ಪುಡಿಯೋ, ಜೇಡರ ಬಲೆಯಂಥ ಸಣ್ಣ ಕೊಳವೆಯೋ ಕಂಡರೆ ಸೀರೆಯನ್ನು ದಪ್ಪ ಪಾಲಿಥೀನಿನಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು ಅಂಟಿಸಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಒಂದು ದಿನ ಪಾಲಿಥೀನ್ ಬಿಚ್ಚಬೇಡಿ. ಬಿಚ್ಚಿದರೆ ತಣ್ಣನೆಯ ರೇಷ್ಮೆಯ ಮೇಲೆಯೇ ಹನಿ ಕೂರುತ್ತದೆ.

ಕಪಾಟಿನ ತೇವಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳು ಸಿಗುತ್ತವೆ. ಜೋರಾಗಿ ನೀರು ಎಳೆಯುತ್ತವೆ, ಆದರೆ ತಳದಲ್ಲಿ ನಿಲ್ಲುವುದು ಉಪ್ಪುನೀರು. ಒಮ್ಮೆ ಮಗುಚಿದರೆ ಸೀರೆಗಳ ಕತೆ ಮುಗಿಯಿತು. ಕಪಾಟಿನೊಳಗೆ ಬಲ್ಬ್ ಉರಿಸುವುದು ಬೆಂಕಿಯ ಭಯ. ಸಿಲಿಕಾ ಜೆಲ್ ವಾಸಿ: ಅರ್ಧ ಕಿಲೋ ಕೊಂಡು ಹತ್ತಿಯ ಚೀಲಗಳಿಗೆ ತುಂಬಿ, ಕಿತ್ತಳೆ ಬಣ್ಣ ಹಸಿರಾದಾಗ ಓವನ್‌ನಲ್ಲಿ 110ರಿಂದ 120 ಡಿಗ್ರಿಗೆ ಎರಡು ಗಂಟೆ ಬಿಸಿ ಮಾಡಿದರೆ ಮತ್ತೆ ಹೊಸದು. ನೀಲಿ ಬಣ್ಣದ್ದನ್ನು ಬಿಟ್ಟುಬಿಡಿ, ಅದರಲ್ಲಿರುವ ಕೋಬಾಲ್ಟ್ ಕ್ಲೋರೈಡ್ ಮೈಗೆ ಒಳ್ಳೆಯದಲ್ಲ. ಆದರೆ ದಿನಕ್ಕೆ ಹತ್ತು ಸಲ ತೆರೆಯುವ ಕಪಾಟಿಗೆ ಇದರಿಂದ ಹೆಚ್ಚಿನ ಉಪಯೋಗವಿಲ್ಲ.

ನಮ್ಮ ಊರಿನ ಕಾಸರಗೋಡು ಸೀರೆಯದು ಬೇರೆ ಲೆಕ್ಕ. ಅದು ಹತ್ತಿ, ಗಂಜಿ ಹಾಕಿದ ಗರಿಗರಿಯೇ ಅದರ ಅಂದ. ಎತ್ತಿಡುವಾಗ ಮಾತ್ರ ಗಂಜಿ ಪೂರ್ತಿ ಒಗೆದು ತೆಗೆದೇ ಇಡಬೇಕು. ಉಡುವ ಮೊದಲು ಹೊಸ ಗಂಜಿ ಹಾಕಿಕೊಳ್ಳಬಹುದು.

ನನ್ನ ಆಯ್ಕೆ ಕೋರಾ, ಏಕೆಂದರೆ ವರ್ಷಕ್ಕೆ ಮೂರು ಸಲ ಸೀರೆ ತೆಗೆದು ಮಡಿಕೆ ಬದಲಿಸುವ ಅಭ್ಯಾಸ ನನಗಿದೆ: ಜನವರಿಯ ಒಣ ಗಾಳಿಗೆ ಒಮ್ಮೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆಗೆ (ಮೇ ಕೊನೆ) ಮೊದಲು ಒಮ್ಮೆ, ದೀಪಾವಳಿ ಕಳೆದು ಒಮ್ಮೆ. ಆರು ಸೀರೆಗೆ ಏಳೂವರೆ ಮೀಟರ್ ಕೋರಾ ಬೇಕು, ಒಂದೇ ಸಲದ ಖರ್ಚು. ಗಲ್ಫಿನಲ್ಲಿದ್ದು ಮನೆ ಮಳೆಗಾಲವಿಡೀ ಬೀಗ ಹಾಕಿರುವವರಿಗೆ ಇದು ಸಾಲದು. ಅವರು ಜನವರಿ, ಫೆಬ್ರವರಿಯ ಒಂದು ಒಣ ಮಧ್ಯಾಹ್ನ, ಕೋರಾ ಸುತ್ತಿದ ಸೀರೆಗಳನ್ನೇ ಸುತ್ತ ಮೆತ್ತನೆಯ ಪಟ್ಟಿಯಿರುವ ಬಿಗಿ ಮುಚ್ಚಳದ ಪಾಲಿಪ್ರೊಪಿಲೀನ್ ಡಬ್ಬಿಗೆ ಹಾಕಿ, ಪಟ್ಟಿ ರಬ್ಬರಿನದಲ್ಲ, ಸಿಲಿಕೋನ್‌ನದೇ ಎಂದು ನೋಡಿಕೊಂಡು, ಪ್ರತಿ ಸೀರೆಗೆ 100 ಗ್ರಾಂ ಜೆಲ್ ಜೊತೆಗಿಟ್ಟು ಮುಚ್ಚಲಿ. ಒಂದು ಸಣ್ಣ ಪಾರದರ್ಶಕ ಡಬ್ಬಿಯ ಮುಚ್ಚಳಕ್ಕೆ ತೂತು ಕೊರೆದು, ಒಂದು ಹಿಡಿ ಜೆಲ್ ಹಾಕಿ ಮುಂದಿನ ಬದಿಗೆ ತಾಗಿಸಿಟ್ಟರೆ, ಮನೆ ನೋಡಿಕೊಳ್ಳುವವರು ಮುಚ್ಚಳ ತೆಗೆಯದೆಯೇ ಬಣ್ಣ ನೋಡಿ ಫೋನಿನಲ್ಲಿ ಹೇಳಬಹುದು.