ಎರಡು ದಿನದ ನಾಯಕತ್ವ ತರಬೇತಿ: ಪಾಳಿ ನಡೆಸುವವನ ವಿಮರ್ಶೆ

ಗೋದಾಮಿನ ಒಂದು ಪಾಳಿಯಲ್ಲಿ 14 ಜನರ ಕೆಲಸ ನೋಡಿಕೊಳ್ಳುವವನು ನಾನು. ಮೇಲ್ವಿಚಾರಕನಾಗಿ ಆರು ವರ್ಷವಾಯಿತು. ಕಳೆದ ತಿಂಗಳು ಕಂಪನಿಯವರು ನಮ್ಮನ್ನೆಲ್ಲ ಎರಡು ದಿನದ ನಾಯಕತ್ವ ತರಬೇತಿಗೆ ಕಳುಹಿಸಿದರು. ನಡೆಸಿಕೊಟ್ಟ ಸಂಸ್ಥೆಯ ಹೆಸರು ಇಲ್ಲಿ ಬೇಡ. ನನಗೆ ಮುಖ್ಯವಾದದ್ದು ಕಲಿಸಿದ ವಿಷಯ.

ಮೊದಲ ದಿನದ ಬೆಳಗ್ಗೆ, ಮನುಷ್ಯನ ಅಗತ್ಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ ತೋರಿಸುವ, ಮನಶ್ಶಾಸ್ತ್ರಜ್ಞ ಮಾಸ್ಲೊ ಅವರ ಪಿರಮಿಡ್ಡಿಗೇ ಹೋಯಿತು. 1943ರ ಅವರ ಲೇಖನದಲ್ಲಿ ಪಿರಮಿಡ್ಡಿನ ಚಿತ್ರವೇ ಇಲ್ಲ, ಅದನ್ನು ಬಿಡಿಸಿದ್ದು ಆಮೇಲೆ ಬಂದವರು ಎಂಬುದನ್ನು ಯಾರೂ ಹೇಳಲಿಲ್ಲ. ತರಬೇತಿಯ ತಿರುಳು ನಿರ್ವಹಣಾ ತಜ್ಞರಾದ ಹರ್ಸಿ ಮತ್ತು ಬ್ಲಾಂಚರ್ಡ್ 1969ರಲ್ಲಿ ಮುಂದಿಟ್ಟ ಸನ್ನಿವೇಶಾಧಾರಿತ ನಾಯಕತ್ವ. ಕೆಲಸಗಾರನ ಸಾಮರ್ಥ್ಯ ಎಷ್ಟು, ಮನಸ್ಸು ಎಷ್ಟು ಎಂದು ನೋಡಿ ಆದೇಶ, ತರಬೇತಿ, ಬೆಂಬಲ, ಹೊಣೆ ಒಪ್ಪಿಸುವಿಕೆ ಎಂಬ ನಾಲ್ಕು ಮನೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಚೆನ್ನಾಗಿಯೇ ಹೇಳಿಕೊಟ್ಟರು. ಕೆಲಸ ಬಲ್ಲ, ಆದರೆ ಹುರುಪು ಕಳೆದುಕೊಂಡವನಿಗೆ ಬೆಂಬಲ ಕೊಡಿ, ಅವನ ಮಾತು ಕೇಳಿ ಎಂದರು.

ಸೋಮವಾರವೇ ಅಂಥವರು ಎದುರಿಗೆ ಬಂದು ನಿಂತರು. ನಮ್ಮ ಪಾಳಿಯ ಅತ್ಯಂತ ನುರಿತ ಫೋರ್ಕ್‌ಲಿಫ್ಟ್ ಚಾಲಕರು; ಕೈಯಲ್ಲಿ ನಾಲ್ಕಾಗಿ ಮಡಿಸಿದ ರಜೆ ಚೀಟಿ. ಕಲಿತದ್ದನ್ನು ಮನಸ್ಸಿಟ್ಟು ಮಾಡಬೇಕೆಂದು ಅವರನ್ನು ಕೂರಿಸಿಕೊಂಡು ಕೇಳಿದೆ. ಅಷ್ಟರಲ್ಲೇ ಮೂರು ಬಾರಿ ಫೋನ್ ಬಂತು, ಬಾಗಿಲಲ್ಲಿ ಲಾರಿಯವರು ಕಾಯುತ್ತಿದ್ದರು. ಎಲ್ಲ ಹೇಳಿ ಮುಗಿಸಿದ ಮೇಲೆ ಅವರು, "ಕೇಳಿದ್ದಕ್ಕೆ ಸಂತೋಷ ಸರ್. ರಜೆ ಸಿಗುತ್ತದೆಯೇ?" ಎಂದರು.

ಕೊಡುವ ಅಧಿಕಾರ ನನಗಿರಲಿಲ್ಲ. ಪಾಳಿಯಲ್ಲಿ ಇಬ್ಬರು ಚಾಲಕರು ಇರಲೇಬೇಕೆಂಬ ನಿಯಮವಿದೆ. ಕೆಲಸ ಬಿಟ್ಟುಹೋದ ಮೂರನೆಯವರ ಜಾಗಕ್ಕೆ ಐದು ತಿಂಗಳಾದರೂ ಯಾರೂ ಬಂದಿಲ್ಲ. ರಜೆ ಕೇಳಿದ ಈ ಚಾಲಕರ ಹುರುಪು ಬತ್ತಿದ್ದೂ ಇದರಿಂದಲೇ. ಆ ನಾಲ್ಕು ಮನೆಗಳಲ್ಲಿ ಜನರ ಕೊರತೆ ಎಂಬುದಕ್ಕೆ ಎಲ್ಲಿಯೂ ಜಾಗವಿಲ್ಲ. ಹೇಗೆ ಮಾತಾಡಬೇಕು ಎಂಬುದನ್ನು ಸಿದ್ಧಾಂತ ಹೇಳಿಕೊಡುತ್ತದೆ. ಕೊಡಲು ಕೈಯಲ್ಲಿ ಏನಾದರೂ ಇದೆ ಎಂದು ಮೊದಲೇ ನಂಬಿಕೊಂಡಿರುತ್ತದೆ.

ಸಮಯದ ವಿಷಯವೂ ಹಾಗೆಯೇ. ನಿರ್ವಹಣಾ ಸಂಶೋಧಕ ಮಿಂಟ್ಸ್‌ಬರ್ಗ್ ಐವರು ಮುಖ್ಯ ಕಾರ್ಯನಿರ್ವಾಹಕರ ಜೊತೆ ಒಂದೊಂದು ವಾರ ಇದ್ದು ನೋಡಿ, ಅವರ ಕೆಲಸಗಳಲ್ಲಿ ಅರ್ಧದಷ್ಟು ಒಂಬತ್ತು ನಿಮಿಷದೊಳಗೆ ಮುಗಿಯುತ್ತಿದ್ದವು ಎಂದು 1973ರಲ್ಲೇ ತೋರಿಸಿದ್ದರು. ಕಂಪನಿ ನಡೆಸುವವರ ದಿನವೇ ಹೀಗೆ ಚೂರು ಚೂರಾಗಿದ್ದರೆ, ಲಾರಿ ಬಾಗಿಲಲ್ಲಿ ನಿಂತ ಮೇಲ್ವಿಚಾರಕನ ಗತಿಯೇನು? ಇದನ್ನು ಎತ್ತಿದಾಗ ತರಬೇತುದಾರರು ಗಮನವಿಟ್ಟು ಕೇಳಿ, ಇದು ಈ ಪಾಠದ ವ್ಯಾಪ್ತಿಗೆ ಬರುವುದಿಲ್ಲ ಎಂದರು. ನನಗೆ ಬೇಸರವಾಯಿತು. ನಮ್ಮ ದಿನವೆಲ್ಲ ಕಳೆಯುವುದೇ ಆ ವ್ಯಾಪ್ತಿಯ ಹೊರಗೆ.

ಎರಡನೆಯ ದಿನದ ಮಧ್ಯಾಹ್ನಕ್ಕೆ ಮಾತ್ರ ನಾನು ಋಣಿ. ಮೂವರ ಗುಂಪು ಮಾಡಿದರು: ಒಬ್ಬರು ತಪ್ಪು ತಿಳಿಸಬೇಕು, ಇನ್ನೊಬ್ಬರು ಕೇಳಬೇಕು, ಮೂರನೆಯವರು ಬರೆದುಕೊಳ್ಳಬೇಕು. ಐದು ನಿಮಿಷದಲ್ಲಿ ನಾನು "ನೀವು ಯಾವಾಗಲೂ" ಎಂದು ನಾಲ್ಕು ಸಲ ಹೇಳಿದ್ದೇನೆಂದು ಆ ಚೀಟಿಯಲ್ಲಿತ್ತು. ಆ ವಾರವೇ ತಡವಾಗಿ ಬರುತ್ತಿದ್ದ ಒಬ್ಬರಿಗೆ "ಯಾವಾಗಲೂ" ಬಿಟ್ಟು, ಯಾವ ದಿನ ಎಷ್ಟು ನಿಮಿಷ ಎಂದಷ್ಟೇ ಹೇಳಿದೆ. ಅವರು ಜಗಳಕ್ಕೆ ಬರಲಿಲ್ಲ. ತಾಯಿಯ ಡಯಾಲಿಸಿಸ್ ವೇಳೆ ಬದಲಾಗಿದೆ ಎಂದರು. ಪಾಳಿ ಅದಲುಬದಲು ಮಾಡುವುದು ನನ್ನ ಕೈಯಲ್ಲೇ ಇತ್ತು, ಅಂದೇ ಮಾಡಿದೆ.

ಹೊಸದಾಗಿ ಮೇಲ್ವಿಚಾರಕರಾದವರು ಆ ಒಂದು ಮಧ್ಯಾಹ್ನಕ್ಕಾದರೂ ಹೋಗಿಬನ್ನಿ. ಆದರೆ ಎಷ್ಟು ಜನ ಬೇಕೆಂದು ತೀರ್ಮಾನಿಸುವವರೂ ಅದೇ ಕೋಣೆಯಲ್ಲಿ, ನಮ್ಮ ಪಾಳಿ ಪಟ್ಟಿಯನ್ನು ಮುಂದಿಟ್ಟುಕೊಂಡು ಕೂರಬೇಕು. ಮುಂದಿನ ತಂಡಕ್ಕೆ ಹೆಸರು ಕೇಳಿದಾಗ, ಒಪ್ಪಿಗೆ ಪಡೆದು, ನಮ್ಮ ವಿಭಾಗದ ಮುಖ್ಯಸ್ಥರ ಹೆಸರನ್ನು ಬರೆದುಕೊಟ್ಟಿದ್ದೇನೆ. ಚಾಲಕರ ರಜೆ ಚೀಟಿಯೂ ಈಗ ಅವರ ಮೇಜಿನ ಮೇಲಿದೆ.