ಟಿಕೆಟ್, ಪಾರ್ಕಿಂಗ್, ಟೇಲ್‌ಗೇಟ್: ಖಾಲಿ ಸೀಟು ತುಂಬಲು ಮೊದಲು ಕೈಹಾಕಬೇಕಾದ್ದು ಯಾವುದಕ್ಕೆ?

ಅಮೆರಿಕದ ಕಾಲೇಜು ಫುಟ್‌ಬಾಲ್ ತಂಡಕ್ಕೆ ತವರಿನಲ್ಲಿ ಸಿಗುವುದು ವರ್ಷಕ್ಕೆ ಆರೇಳು ಪಂದ್ಯ. ಪ್ರಯೋಗಕ್ಕೆ ಅವಕಾಶ ಕಡಿಮೆ.

ಟಿಕೆಟ್ ದರ: ಬೇಗ ಇಳಿಸಬಹುದು, ಎಡವುವುದೂ ಇಲ್ಲೇ. ಬಿಡಿ ಟಿಕೆಟ್ ಸೀಸನ್ ಟಿಕೆಟ್‌ನ (ವರ್ಷದ ಎಲ್ಲ ತವರು ಪಂದ್ಯಗಳಿಗೂ ಒಟ್ಟಿಗೆ ಕೊಳ್ಳುವ ಟಿಕೆಟ್) ಪಂದ್ಯವಾರು ದರಕ್ಕಿಂತ ಅಗ್ಗವಾದರೆ ಹಳೇ ಗಿರಾಕಿ ಮುಂದಿನ ವರ್ಷ ನವೀಕರಿಸುವುದಿಲ್ಲ. ಪುಕ್ಕಟೆ ಹಂಚಿದರೆ ಇನ್ನೂ ಕಷ್ಟ. ಕಾಸು ಬಿಚ್ಚದವರು ನಾಲ್ಕು ಹನಿ ಬಿದ್ದರೂ ಟಿವಿ ಮುಂದೆ ಕೂರುತ್ತಾರೆ. ರಿಯಾಯಿತಿ ಬೇಕೇ ಬೇಕೆಂದರೆ ದುರ್ಬಲ ಎದುರಾಳಿಯ ಪಂದ್ಯಕ್ಕೆ, ಮೇಲಂತಸ್ತಿನ ಮೂಲೆ ಸೀಟುಗಳಿಗೆ, ನಾಲ್ವರ ಪ್ಯಾಕ್ ಆಗಿ ಕೊಡಿ. ತಿಂಡಿ ದರ ಇಳಿಸುವುದು ಇದಕ್ಕಿಂತ ಜಾಣತನ. ವೃತ್ತಿಪರ ತಂಡದ ಉದಾಹರಣೆ ನೋಡಿ: 2017ರಲ್ಲಿ ಅಟ್ಲಾಂಟಾದ ಮರ್ಸಿಡಿಸ್-ಬೆಂಜ್ ಸ್ಟೇಡಿಯಂ 2 ಡಾಲರ್‌ಗೆ ಹಾಟ್‌ಡಾಗ್ ಮಾರಿತು, ಪ್ರೇಕ್ಷಕರು ಮಾಡುವ ತಲಾ ಖರ್ಚು ಏರಿತು!

ಪಾರ್ಕಿಂಗ್: ನಮ್ಮ ಮೊದಲ ಆಯ್ಕೆ ಇದೇ. ಗೇಟಿನಲ್ಲಿ ನಗದು ತೆಗೆದುಕೊಂಡರೆ ಚಿಲ್ಲರೆ ಎಣಿಸುವಷ್ಟರಲ್ಲಿ ಕಾರಿನ ಸಾಲು ಹೆದ್ದಾರಿ ಮುಟ್ಟುತ್ತದೆ. ಪಾಸನ್ನು ಮುಂಚೆಯೇ ಮಾರಿ, ಲಾಟ್‌ಗೊಂದು (ಕಾರು ನಿಲ್ಲಿಸುವ ಒಂದೊಂದು ಜಾಗಕ್ಕೆ) ಬಣ್ಣ ಕೊಡಿ. ಪಂದ್ಯ ಮುಗಿದ ಮೇಲೆ ಎಲ್ಲ ಲೇನುಗಳನ್ನೂ ಹೊರಮುಖ ಮಾಡಿ. ಹುಲ್ಲಿನ ಲಾಟ್ ಕೆಸರಾದರೆ ಬದಲಿಗೆ ಡಾಂಬರಿನ ಜಾಗ ಗೊತ್ತಿರಲಿ.

ಟೇಲ್‌ಗೇಟ್: ಪಂದ್ಯಕ್ಕೆ ಮುಂಚೆ ಕಾರಿನ ಬಳಿ, ಡೇರೆಯಡಿ ಕೂಡಿ ಉಣ್ಣುವ ಪದ್ಧತಿ. ಮಿಸಿಸಿಪಿ ವಿಶ್ವವಿದ್ಯಾಲಯದ ಗ್ರೋವ್ ತೋಪಿಗೆ ಜನ ಆಟದಷ್ಟೇ ಇದಕ್ಕೂ ಬರುತ್ತಾರೆ. ಬೇಕಾದ್ದು ಶೌಚಾಲಯ, ಕಸದ ತೊಟ್ಟಿ, ಕೆಂಡ ಸುರಿಯಲು ಪ್ರತ್ಯೇಕ ಲೋಹದ ಡ್ರಮ್. ತೊಂದರೆ ಒಂದೇ: ಹೊಟ್ಟೆ ತುಂಬಿದವರು ಒಳಗೆ ಬರುವುದಿಲ್ಲ. ಕಿಕ್‌ಆಫ್‌ಗೆ, ಅಂದರೆ ಆಟ ಶುರುವಾಗಲು, 45 ನಿಮಿಷ ಮೊದಲು ಹೊರಗಿನ ಸಂಗೀತ ನಿಲ್ಲಿಸಿ, ಕಾಲೇಜಿನ ವಾದ್ಯದ ಬ್ಯಾಂಡನ್ನು ಲಾಟ್ ಮೂಲಕವೇ ಗೇಟಿಗೆ ನಡೆಸಿ.