ಯುಂಗ್‌ಫ್ರೌಯೋಕ್ ಮೇಲಾ, ಎಗ್ಗಿಸ್‌ಹಾರ್ನ್ ಮೇಲಾ? ಅಲೆಚ್ ಹಿಮನದಿಯನ್ನು ಎರಡೂ ಕಡೆಯಿಂದ ನೋಡಿದ ಮೇಲೆ

ಸ್ವಿಟ್ಜರ್ಲೆಂಡಿಗೆ ಹೋಗಿಬಂದವರನ್ನು "ಹಿಮನದಿ ನೋಡಿದ್ರಾ?" ಎಂದು ಕೇಳಿ. "ಹೂಂ, ಯುಂಗ್‌ಫ್ರೌ ಮೇಲೆ ಹೋಗಿದ್ವಲ್ಲ" ಎಂದು ಫೋನ್ ತೆಗೆಯುತ್ತಾರೆ. ಫೋಟೊದಲ್ಲಿ ಕೆಂಪು ಬಾವುಟ, ದಪ್ಪ ಜರ್ಕಿನ್, ಹಿಂದೆಲ್ಲ ಬಿಳಿ. ಹಿಮ ಸರಿ, ನದಿ ಎಲ್ಲಿ? ನನ್ನ ಮೊದಲ ಪ್ರವಾಸದ ಫೋಟೊಗಳೂ ಹೀಗೇ ಇವೆ.

ಅದು ಪ್ಯಾಕೇಜ್ ಟೂರ್. ನಾಲ್ಕು ತಿಂಗಳ ಮೊದಲೇ ದಿನ ಗೊತ್ತುಮಾಡಿದ್ದರು. ಆ ದಿನ ಮೋಡ. ಎರಡೂವರೆ ಗಂಟೆ ಗಾಜಿನಾಚೆಯ ಬಿಳಿ ಗೋಡೆ ನೋಡಿಕೊಂಡು ಇಳಿದೆವು. ಎರಡನೇ ಸಲ, ಸೆಪ್ಟೆಂಬರ್ ಮೊದಲ ವಾರ, ಬರ್ನ್‌ನಲ್ಲಿರುವ ತಂಗಿ ಮನೆಯಲ್ಲಿ ಉಳಿದುಕೊಂಡು ನಾವೇ ಓಡಾಡಿದೆವು. ಜೊತೆಗೆ ಅಮ್ಮ. ಬೆಳಿಗ್ಗೆ ಎದ್ದು ಬೆಟ್ಟದ ತುದಿಯ ವೆಬ್‌ಕ್ಯಾಮ್ ನೋಡುವುದು, ಆಕಾಶ ತಿಳಿಯಾಗಿದ್ದರೆ ಮಾತ್ರ ಟಿಕೆಟ್ ತೆಗೆಯುವುದು. ಇದೊಂದು ಮಾಡಿದರೆ ಅರ್ಧ ದುಡ್ಡು ಉಳಿದ ಹಾಗೆ.

ಮೊದಲು ಯುಂಗ್‌ಫ್ರೌಯೋಕ್, ಅಂದರೆ ಯುಂಗ್‌ಫ್ರೌ ಮತ್ತು ಮೋಂಖ್ ಎಂಬ ಬೆಟ್ಟಗಳ ನಡುವಿನ ತಗ್ಗು. ಹೋಗುವುದೇ ಒಂದು ಮಜಾ, ಅದನ್ನು ಒಪ್ಪಲೇಬೇಕು. ಇಂಟರ್‌ಲಾಕನ್‌ನಿಂದ ಗ್ರಿಂಡಲ್‌ವಾಲ್ಡ್‌ಗೆ ರೈಲು. ಅಲ್ಲಿಂದ 2020ರಲ್ಲಿ ಶುರುವಾದ ಐಗರ್ ಎಕ್ಸ್‌ಪ್ರೆಸ್ ಎಂಬ ಕೇಬಲ್ ಕಾರ್, ಕಾಲು ಗಂಟೆಯಲ್ಲಿ ಐಗರ್ ಬೆಟ್ಟದ ಪಕ್ಕಕ್ಕೆ ಏರಿಸುತ್ತದೆ. ಕೊನೆಗೆ ಹಲ್ಲುಗಾಲಿಯ ರೈಲು, ಬೆಟ್ಟದ ಹೊಟ್ಟೆಯೊಳಗೆ. ಈ ಸುರಂಗ ಕೊರೆಯಲು 1896ರಿಂದ 1912ರವರೆಗೆ ಹದಿನಾರು ವರ್ಷ ಹಿಡಿಯಿತು. ರೈಲು ನಿಲ್ಲುವುದು 3,454 ಮೀಟರ್ ಎತ್ತರದಲ್ಲಿ. ಯುರೋಪಿನಲ್ಲಿ ಇದಕ್ಕಿಂತ ಎತ್ತರದ ರೈಲು ನಿಲ್ದಾಣ ಇಲ್ಲ. ಇಳಿದ ಕೂಡಲೇ ದಡಬಡ ನಡೆಯಬೇಡಿ, ತಲೆ ಸುತ್ತುತ್ತದೆ. ಅಮ್ಮ ಎರಡು ಸಲ ಗೋಡೆ ಹಿಡಿದು ನಿಂತರು.

ಮೇಲೆ ಎಲ್ಲ ಇದೆ. ಲಿಫ್ಟ್ ಹತ್ತಿದರೆ 3,571 ಮೀಟರಿನಲ್ಲಿ ಸ್ಫಿಂಕ್ಸ್ ಎಂಬ ಕಟ್ಟೆ. ಮಂಜುಗಡ್ಡೆಯಲ್ಲೇ ಕೊರೆದ ಐಸ್ ಪ್ಯಾಲೇಸ್ ಇದೆ, ಜನರ ಮೈಶಾಖಕ್ಕೆ ಕರಗಬಾರದೆಂದು ಅದನ್ನು ತಂಪು ಮಾಡುತ್ತಲೇ ಇರುತ್ತಾರೆ. ಚಾಕಲೇಟ್ ಅಂಗಡಿ, ನಮ್ಮ ಕಡೆಯ ಊಟ, ಹಿಮದಲ್ಲಿ ಹೊರಳಾಡಲು ಜಾಗ. ಮೊದಲ ಬಾರಿ ಹಿಮ ಮುಟ್ಟುವವರ ಮುಖ ನೋಡುವುದೇ ಚೆಂದ.

ಆದರೆ ಹಿಮನದಿ? ಅಲೆಚ್ ಹುಟ್ಟುವುದೇ ಇಲ್ಲಿ. ವರ್ಷವರ್ಷ ಬಿದ್ದ ಹಿಮ ಒಂದರ ಮೇಲೊಂದು ಕೂತು, ಭಾರಕ್ಕೆ ಒತ್ತಿಕೊಂಡು ಗಟ್ಟಿ ಐಸ್ ಆಗುತ್ತದೆ. ಹಾಗಾಗಿ ಐಸ್ ಕಾಣುವುದಿಲ್ಲ, ಅದರ ಮೇಲಿನ ಹಿಮವಷ್ಟೇ ಕಾಣುತ್ತದೆ. ತಿಳಿಯಾದ ದಿನವೂ ಸ್ಫಿಂಕ್ಸ್‌ನಿಂದ ನೋಡಿದರೆ ದೊಡ್ಡದೊಂದು ಬಿಳಿ ಇಳಿಜಾರು, ದೂರದಲ್ಲಿ ಎಲ್ಲೋ ಎರಡು ಕಪ್ಪು ಗೆರೆ. ತಲಕಾವೇರಿಯ ಕುಂಡಿಕೆ ನೋಡಿ ಕಾವೇರಿ ನೋಡಿದೆ ಎಂದ ಹಾಗೆ. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಎಗ್ಗಿಸ್‌ಹಾರ್ನ್ ಅದೇ ಹಿಮನದಿಯ ಇನ್ನೊಂದು ಕಡೆ, ವಾಲಿಸ್ ಪ್ರಾಂತ್ಯದಲ್ಲಿ. ಬರ್ನ್‌ನಿಂದ ಬ್ರಿಗ್‌ಗೆ ರೈಲು, ಅಲ್ಲಿಂದ ಪುಟ್ಟ ಕೆಂಪು ರೈಲಿನಲ್ಲಿ ಫೀಶ್ ಎಂಬ ಊರು. ನಿಲ್ದಾಣದಲ್ಲೇ ಕೇಬಲ್ ಕಾರ್ ಹತ್ತಬಹುದು. ಫೀಶರ್‌ಆಲ್ಪ್‌ನಲ್ಲಿ ಇಳಿದು ಇನ್ನೊಂದು ಹತ್ತಿದರೆ ಸುಮಾರು 2,870 ಮೀಟರ್. ನಮ್ಮ ಡಬ್ಬಿಯಲ್ಲಿ ಆರು ಜನ, ಅದರಲ್ಲಿ ಮೂವರು ನಾವೇ. ಹೊರಗೆ ಬಂದು ನಾಲ್ಕು ಹೆಜ್ಜೆ ಇಟ್ಟೆ, ಅಷ್ಟೇ.

ಕೆಳಗೆ ನದಿ ಇತ್ತು. ಬೆಟ್ಟಗಳ ನಡುವೆ ದೊಡ್ಡ ತಿರುವು ತೆಗೆದುಕೊಂಡು ಬರುವ, ದಡ ಇರುವ, ಮಧ್ಯದಲ್ಲಿ ಗೆರೆ ಇರುವ ನದಿ. ನಿಂತುಬಿಟ್ಟಿದೆ ಅನ್ನಿಸುತ್ತದೆ, ಆದರೆ ಹರಿಯುತ್ತಲೇ ಇದೆ. ಉದ್ದ 20 ಕಿಲೋಮೀಟರ್‌ಗಿಂತ ಜಾಸ್ತಿ, ಆಲ್ಪ್ಸ್‌ನಲ್ಲೇ ದೊಡ್ಡದು. ಮೇಲುಗಡೆ ಯುಂಗ್‌ಫ್ರೌ ಮತ್ತು ಮೋಂಖ್ ನಡುವಿನ ತಗ್ಗು ಕಾಣುತ್ತದೆ. ಎರಡು ದಿನ ಮುಂಚೆ ನಾವು ನಿಂತಿದ್ದ ಜಾಗ.

ಆ ಕಪ್ಪು ಗೆರೆಗಳ ಗುಟ್ಟೂ ಇಲ್ಲೇ ಬಿಚ್ಚಿಕೊಳ್ಳುವುದು. ಅಲೆಚ್ ಒಂದೇ ಹಿಮನದಿಯಲ್ಲ. ಮೇಲಿನಿಂದ ಬರುವ ದೊಡ್ಡ ಹಿಮಧಾರೆಗಳು ಕೊನ್‌ಕೋರ್ಡಿಯಾ ಎಂಬಲ್ಲಿ ಸೇರುತ್ತವೆ. ನಮ್ಮ ಭಾಷೆಯಲ್ಲಿ ಹೇಳಿದರೆ ಸಂಗಮ. ಒಂದೊಂದೂ ತನ್ನ ಅಂಚಿನಲ್ಲಿ ಕಲ್ಲುಮಣ್ಣು ಹೊತ್ತು ತರುತ್ತದೆ. ಸೇರಿದಾಗ ಆ ಅಂಚುಗಳು ನಡುವೆ ಸಿಕ್ಕಿಕೊಂಡು ಗೆರೆಯಾಗುತ್ತವೆ. ಕೂಡಲಿಯಲ್ಲಿ ತುಂಗೆ ಭದ್ರೆ ಬೆರೆತು ಒಂದಾಗುತ್ತವಲ್ಲ, ಇಲ್ಲಿ ಬೆರೆಯುವುದಿಲ್ಲ. ಕೊನೆಯವರೆಗೂ ಅಕ್ಕಪಕ್ಕ ಹರಿಯುತ್ತವೆ, ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರ ಹಾಗೆ. ಆ ಸಂಗಮದಲ್ಲಿ ಐಸ್ ಸುಮಾರು 800 ಮೀಟರ್ ಆಳ ಇದೆ. ಜೋಗ 253 ಮೀಟರ್. ಮೂರು ಜೋಗ ಒಂದರ ಮೇಲೊಂದು ಇಟ್ಟರೂ ಮುಳುಗಿಹೋಗುತ್ತದೆ.

ಎದುರಿನ ಬೆಟ್ಟದಲ್ಲಿ ಐಸ್‌ನಿಂದ ಬಹಳ ಮೇಲೆ ಒಂದು ಅಡ್ಡಗೆರೆ ಕಂಡಿತು. ಅದರ ಕೆಳಗೆ ಬರೀ ಬೋಳು ಬಂಡೆ. ಬೇಸಿಗೆಯಲ್ಲಿ ಕೆಆರ್‌ಎಸ್ ನೀರಿಳಿದಾಗ ದಡದಲ್ಲಿ ಗುರುತು ಉಳಿಯುತ್ತದಲ್ಲ, ಹಾಗೇ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಐಸ್ ಅಲ್ಲಿಯವರೆಗೆ ಇತ್ತು. ಫೀಶ್ ಊರಿನವರದ್ದು ಇನ್ನೊಂದು ಕಥೆ. ಹಿಮನದಿ ಬೆಳೆದು ಊರಿಗೆ ಅಪಾಯ ತರಬಾರದೆಂದು 1678ರಲ್ಲಿ ಹರಕೆ ಹೊತ್ತು ಪ್ರಾರ್ಥನೆ ಶುರುಮಾಡಿದ್ದರು. ಈಗ ಅದು ಕರಗುತ್ತಿದೆ. ಹರಕೆ ಬದಲಿಸಲು ಪೋಪ್ ಅವರ ಅಪ್ಪಣೆ ಬೇಕಾಯಿತು, 2010ರಲ್ಲಿ ಸಿಕ್ಕಿತು. ಈಗ ಕರಗದಿರಲಿ ಎಂದು ಪ್ರಾರ್ಥಿಸುತ್ತಾರೆ. ಮಳೆ ಬಾ ಎಂದೂ ಮಳೆ ನಿಲ್ಲು ಎಂದೂ ಪೂಜೆ ಮಾಡುವ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಎಗ್ಗಿಸ್‌ಹಾರ್ನ್‌ನಲ್ಲಿ ಕೊರತೆಯೂ ಇದೆ. ಸೆಪ್ಟೆಂಬರಿನಲ್ಲಿ ಆಡಲು ಹಿಮ ಇರಲಿಲ್ಲ, ಬರೀ ಬಂಡೆ. ಮಕ್ಕಳಿಗೆ ಅರ್ಧ ಗಂಟೆಯಲ್ಲಿ ಬೇಜಾರಾಗಬಹುದು. ಊಟಕ್ಕೆ ನಾವು ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆವು. ವಸಂತದಲ್ಲೂ ಚಳಿಗಾಲಕ್ಕೆ ಮುಂಚೆಯೂ ಕೆಲವು ವಾರ ಕೇಬಲ್ ಕಾರ್ ರಿಪೇರಿಗೆಂದು ನಿಲ್ಲುತ್ತದೆ, ನೋಡಿಕೊಂಡು ಹೋಗಿ.

ದುಡ್ಡಿನ ವಿಷಯ. ಇಂಟರ್‌ಲಾಕನ್‌ನಿಂದ ಯುಂಗ್‌ಫ್ರೌಯೋಕ್‌ಗೆ ಹೋಗಿಬರಲು ಬೇಸಿಗೆಯಲ್ಲಿ ಪೂರ್ತಿ ಟಿಕೆಟ್ 200 ಫ್ರಾಂಕ್ ದಾಟುತ್ತದೆ. ಫೀಶ್‌ನಿಂದ ಎಗ್ಗಿಸ್‌ಹಾರ್ನ್‌ಗೆ ಸುಮಾರು ಅದರ ಕಾಲು ಭಾಗ. ಹಾಫ್ ಫೇರ್ ಕಾರ್ಡ್ ಇದ್ದರೆ ಎರಡೂ ಕಡೆ ಅರ್ಧ. ದೇಶವೆಲ್ಲ ರೈಲಿನಲ್ಲಿ ಓಡಾಡುವ ಟ್ರಾವೆಲ್ ಪಾಸ್ ಇದ್ದವರು ಯುಂಗ್‌ಫ್ರೌಗೆ ಎಲ್ಲ ಫ್ರೀ ಅಂದುಕೊಂಡಿರುತ್ತಾರೆ. ಕೊನೆಯ ಭಾಗಕ್ಕೆ ಸಿಗುವುದು 25 ಪರ್ಸೆಂಟ್ ರಿಯಾಯಿತಿ ಅಷ್ಟೇ.

ನಾವು ನೋಡಿದ ಮೂರನೇ ಜಾಗ ಬೇರೆಯದೇ ಹಿಮನದಿ, ರೋನ್, ಫುರ್ಕಾ ಘಾಟಿಯಲ್ಲಿ. ಮುಚ್ಚಿಹೋದ ಬೆಲ್ವೆಡೇರ್ ಹೋಟೆಲ್ ಪಕ್ಕದಿಂದ ಸ್ವಲ್ಪ ನಡೆದರೆ ಐಸ್ ಒಳಗೆ ಕೊರೆದ ಗುಹೆ ಇತ್ತು. ನಾವು ಹೋದಾಗ ಮೇಲೆಲ್ಲ ಬಿಳಿ ಬಟ್ಟೆ ಹೊದಿಸಿದ್ದರು, ಬಿಸಿಲಿಗೆ ಬೇಗ ಕರಗದಿರಲೆಂದು. ಒಳಗೆ ನೀಲಿ ಬೆಳಕು, ತಲೆಮೇಲೆ ಟಪ್ ಟಪ್ ನೀರು. ಹೊರಗೆ ಕರಗಿದ ನೀರಿನದೇ ಕೆರೆ. ಹೊದಿಕೆ ನೋಡಿ ಆಸ್ಪತ್ರೆಗೆ ಬಂದ ಹಾಗಾಯಿತು. ಆ ದಾರಿಯಲ್ಲಿ ಕಾರಿನಲ್ಲಿ ಹೋಗುತ್ತಿದ್ದರೆ ನಿಲ್ಲಿಸಿ, ಅದಕ್ಕೆಂದೇ ಹೋಗಬೇಡಿ.

ಒಂದೇ ದಿನ ಇದ್ದರೆ ನಾನು ಎಗ್ಗಿಸ್‌ಹಾರ್ನ್‌ಗೇ ಹೋಗುತ್ತೇನೆ, ಯೋಚನೆಯೇ ಇಲ್ಲ. ತಂಗಿಯೂ ನನ್ನ ಕಡೆ. ಅಮ್ಮನ ವೋಟು ಮಾತ್ರ ಯುಂಗ್‌ಫ್ರೌಗೆ. ಸೀರೆ ಮೇಲೆ ಜರ್ಕಿನ್ ಹಾಕಿಕೊಂಡು ಹಿಮದಲ್ಲಿ ಕೂತ ಫೋಟೊ ಇನ್ನೂ ಅವರ ವಾಟ್ಸಾಪ್ ಡಿಪಿ.